ಲೈನ್ ಎಲ್ಲಿ ಕಡದೈತಿ?

ಸಂಪರ್ಕ ಸಾಧನಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಉದ್ಘಾಟನೆಗಳ ಚರಿತ್ರೆಯಾಗಿಯೇ ಓದುತ್ತೇವೆ. 1851ರಲ್ಲಿ ಕಲ್ಕತ್ತದಿಂದ ಡೈಮಂಡ್ ಹಾರ್ಬರ್‌ಗೆ ತಂತಿ ಎಳೆದರು. 1882ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳು ತೆರೆದವು. 1995ರ ಆಗಸ್ಟ್ 15ರಂದು ಇಂಟರ್‌ನೆಟ್ ಸಾರ್ವಜನಿಕರ ಕೈಗೆ ಬಂತು. ಸ್ಪರ್ಧಾತ್ಮಕ ಪರೀಕ್ಷೆಗೆ ಕೂಡುವ ಹುಡುಗರು ಈ ಇಸವಿಗಳನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಹಿರಿಯರನ್ನು ಕೇಳಿ ನೋಡಿ. ಊರಿಗೆ ಫೋನು ಯಾವ ವರ್ಷ ಬಂತು ಎಂಬುದು ಬಹಳ ಮಂದಿಗೆ ನೆನಪಿರುವುದಿಲ್ಲ. ಅದು ಯಾವಾಗ ಕೆಟ್ಟು ಕೂತಿತ್ತು ಎಂಬುದು ನೆನಪಿರುತ್ತದೆ. ಮಗಳ ಹೆರಿಗೆಯ ಸುದ್ದಿ ತಡವಾಗಿ ಮುಟ್ಟಿದ್ದು, ಅರ್ಜಿ ಹಾಕುವ ಕಡೆಯ ದಿನವೇ ನೆಟ್ ಹೋಗಿದ್ದು, ಬೆರಳಚ್ಚು ತಗೊಳ್ಳದೆ ರೇಷನ್ ಅಂಗಡಿಯ ಮುಂದೆ ಮಧ್ಯಾಹ್ನದವರೆಗೆ ನಿಂತದ್ದು ನೆನಪಿರುತ್ತದೆ.

ಹೀಗಾಗಿ ನಮ್ಮ ಭಾಗದ ಸಂಪರ್ಕದ ಚರಿತ್ರೆಯನ್ನು ಕೆಟ್ಟ ದಿನಗಳಿಂದ ಬರೆಯಬೇಕು ಎಂದು ನನಗೆ ಬಹಳ ದಿನಗಳಿಂದ ಅನಿಸಿದೆ. ತಂತಿ ಕೆಟ್ಟಾಗ ಜನ ಕೇಳುವ ಪ್ರಶ್ನೆಗಳು ಎರಡೇ. ಲೈನ್ ಎಲ್ಲಿ ಕಡದೈತಿ? ಅದನ್ನ ಯಾರಿಗೆ ಹೇಳಬೇಕು? ಮೊದಲನೆಯದು ವಿಜ್ಞಾನದ ಪ್ರಶ್ನೆ. ಕಳೆದ 170 ವರ್ಷಗಳಲ್ಲಿ ಅದಕ್ಕೆ ಉತ್ತರ ಹುಡುಕುವುದು ದಿನದಿಂದ ದಿನಕ್ಕೆ ಸುಲಭವಾಗುತ್ತ ಬಂದಿದೆ. ಎರಡನೆಯದು ಹೊಣೆಗಾರಿಕೆಯ ಪ್ರಶ್ನೆ. ಅದಕ್ಕೆ ಉತ್ತರ ಮಾತ್ರ ಹಾಗೆ ಸುಲಭವಾಗಲಿಲ್ಲ.

ಮೊದಲು ತಂತಿಯ ಕಾಲ. ಭಾರತದಲ್ಲಿ ಟೆಲಿಗ್ರಾಫ್ ಎಳೆಸಿದ ವಿಲಿಯಂ ಓಶಾನೆಸಿ ವೃತ್ತಿಯಿಂದ ವೈದ್ಯ. 1839ರಲ್ಲೇ ಕಲ್ಕತ್ತದಲ್ಲಿ ಪ್ರಯೋಗ ಮಾಡಿದ್ದ. ಯುರೋಪಿನಲ್ಲಿ ಬಳಸುತ್ತಿದ್ದ ತೆಳು ತಂತಿಯನ್ನು ಬಿಟ್ಟು ಆತ ಇಲ್ಲಿ ದಪ್ಪ ಕಬ್ಬಿಣದ ಸರಳನ್ನು ಆರಿಸಿಕೊಂಡ. ಮಂಗ, ಹಕ್ಕಿ, ಬಿರುಗಾಳಿ, ಮಳೆ ಎಲ್ಲವನ್ನೂ ತಾಳಿಕೊಳ್ಳಬೇಕಿತ್ತಲ್ಲ. ಅಂದರೆ ತಂತಿ ಹೇಗೆ ಕೆಡುತ್ತದೆ ಎಂದು ಯೋಚಿಸಿದ ಮೇಲೆಯೇ ನಮ್ಮ ದೇಶದ ಮೊದಲ ಲೈನು ಎದ್ದಿತು.

ಮುಂದೆ ರೈಲು ಬಂದಲ್ಲೆಲ್ಲ ಹಳಿಯ ಪಕ್ಕದಲ್ಲಿ ತಂತಿಯೂ ಬಂತು. ನಮ್ಮ ಭಾಗದಲ್ಲಿ ರೈಲು ಹಾಯುವ ಅಣ್ಣಿಗೇರಿ, ಕುಂದಗೋಳಗಳಿಗೆ ಆ ಅನುಕೂಲ ಸಿಕ್ಕಿತು. ಹಳಿ ಇಲ್ಲದ ನವಲಗುಂದ, ಕಲಘಟಗಿಗಳಿಗೆ ಸಿಗಲಿಲ್ಲ. ಕನ್ನಡದಲ್ಲಿ ‘ತಂತಿ’ ಎಂದರೆ ಸಿತಾರಿನದೂ ಹೌದು, ಟೆಲಿಗ್ರಾಮಿನದೂ ಹೌದು. ಸವಾಯಿ ಗಂಧರ್ವರ ಕುಂದಗೋಳದಲ್ಲಿ ಮೊದಲನೆಯ ಅರ್ಥಕ್ಕೆ ಮರ್ಯಾದೆ ಇತ್ತು. ಎರಡನೆಯದಕ್ಕೆ ಎಲ್ಲ ಊರುಗಳಲ್ಲೂ ಭಯವಿತ್ತು. ‘ತಂತಿ ಬಂತು’ ಎಂದರೆ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು.

ತಂತಿ ಎಲ್ಲಿ ಕೆಟ್ಟಿದೆ ಎಂದು ಆ ಕಾಲದಲ್ಲಿ ಹೇಗೆ ಹುಡುಕುತ್ತಿದ್ದರು? ಎಲ್ಲ ಕಂಬಗಳ ಕೆಳಗೆ ನಡೆದು ನೋಡುವುದು ಒಂದು ದಾರಿ. ಆದರೆ ಆಫೀಸಿನಲ್ಲಿ ಕೂತೇ ಲೆಕ್ಕ ಹಾಕುವ ದಾರಿಯೂ ಇತ್ತು. ತಂತಿ ಉದ್ದವಾದಷ್ಟೂ ವಿದ್ಯುತ್ತಿಗೆ ಅದು ಒಡ್ಡುವ ರೋಧ ಹೆಚ್ಚು. ತಂತಿ ಎಲ್ಲೋ ಒಂದು ಕಡೆ ನೆಲಕ್ಕೆ ತಾಗಿದ್ದರೆ, ಅಲ್ಲಿಯವರೆಗಿನ ರೋಧವನ್ನು ವೀಟ್‌ಸ್ಟನ್ ಬ್ರಿಡ್ಜ್ ಎಂಬ ಸಾಧನದಿಂದ ಅಳೆದು, ಒಂದು ಮೈಲಿಗೆ ಇಷ್ಟು ಎಂಬ ಲೆಕ್ಕದಲ್ಲಿ ಭಾಗಿಸಿದರೆ ದೂರ ಗೊತ್ತಾಗುತ್ತಿತ್ತು. ಪಿಯುಸಿ ವಿಜ್ಞಾನ ಓದುವವರು ಇಂದಿಗೂ ಲ್ಯಾಬಿನಲ್ಲಿ ಮೀಟರ್ ಬ್ರಿಡ್ಜ್ ಪ್ರಯೋಗ ಮಾಡುತ್ತಾರಲ್ಲ, ಅದರ ಮೂಲ ಇದೇ. ಆ ಮೇಲೆ ಲೈನ್‌ಮನ್ ಆ ಜಾಗಕ್ಕೆ ಹೋಗಿ ಸರಿಮಾಡಬೇಕು.

ಮೊದಲನೆಯ ಪ್ರಶ್ನೆಗೆ ಇಷ್ಟು ಚಂದದ ಉತ್ತರವಿದ್ದ ಕಾಲದಲ್ಲೇ ಎರಡನೆಯ ಪ್ರಶ್ನೆಗೆ ಸರ್ಕಾರ ಬಾಗಿಲು ಹಾಕಿತು. 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ 9ನೇ ಕಲಮು, ಸಂದೇಶ ತಗೊಳ್ಳುವುದರಲ್ಲಿ, ಕಳಿಸುವುದರಲ್ಲಿ, ತಲುಪಿಸುವುದರಲ್ಲಿ ನೌಕರ ತಪ್ಪಿದರೆ ಅದರಿಂದಾಗುವ ನಷ್ಟಕ್ಕೆ ಸರ್ಕಾರ ಹೊಣೆಯಲ್ಲ ಎಂದಿತು. ಸ್ವಾತಂತ್ರ್ಯ ಬಂದ ಮೇಲೂ ಆ ಕಾಯ್ದೆ ಉಳಿಯಿತು. 1957ರಲ್ಲಿ 7ಬಿ ಎಂಬ ಕಲಮು ಸೇರಿತು. ಲೈನಿನ ಕುರಿತ ತಕರಾರುಗಳನ್ನು ಸರ್ಕಾರವೇ ನೇಮಿಸುವ ಪಂಚರು ತೀರ್ಮಾನಿಸಬೇಕು, ಅವರ ತೀರ್ಪೇ ಕೊನೆ ಎಂದು ಅದು ಹೇಳಿತು. ಈ ಕಲಮು ನೆನಪಿಟ್ಟುಕೊಳ್ಳಿ, ಐವತ್ತು ವರ್ಷಗಳ ನಂತರ ಮತ್ತೆ ಎದುರಾಗುತ್ತದೆ.

ಟೆಲಿಫೋನ್ ಹಳ್ಳಿಗಳಿಗೆ ಬರುವ ಹೊತ್ತಿಗೆ ತಂತಿಯ ಎದುರಾಳಿಯಾಗಿ ನಿಂತದ್ದು ನಮ್ಮ ಮಣ್ಣು. ನವಲಗುಂದ, ಅಣ್ಣಿಗೇರಿಗಳದು ಎರಿ ಭೂಮಿ, ಕುಂದಗೋಳದಲ್ಲೂ ಬಹುಪಾಲು ಅದೇ. ಹತ್ತಿ, ಕಡಲೆ, ಜೋಳಕ್ಕೆ ಚಿನ್ನದಂಥ ಮಣ್ಣು. ಆದರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಈ ಉಸಿರಾಟಕ್ಕೆ ಮನೆಗಳ ಗೋಡೆಯೇ ಸೀಳುತ್ತದೆ, ಇನ್ನು ಕಂಬ ಮತ್ತು ಕೇಬಲ್ಲಿನ ಪಾಡೇನು? ಕಂಬ ವಾಲುತ್ತದೆ, ನೆಲದೊಳಗಿನ ಕೇಬಲ್ಲನ್ನು ಮಣ್ಣು ಎಳೆದಾಡುತ್ತದೆ, ಜಾಯಿಂಟು ಬಿಡುತ್ತದೆ, ಬಿಟ್ಟ ಜಾಯಿಂಟಿಗೆ ನೀರು ಹೊಗುತ್ತದೆ. ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಮಣ್ಣಿನ ಕಾಟಕ್ಕಿಂತ ಮರದ ಟೊಂಗೆ, ಗಾಳಿ, ಜಡಿಮಳೆಯ ಕಾಟ ಹೆಚ್ಚು. ಒಂದೇ ಜಿಲ್ಲೆಯಲ್ಲಿ ಲೈನು ಎರಡು ಬೇರೆ ಬೇರೆ ಬಗೆಯಲ್ಲಿ ಕೆಡುತ್ತಿತ್ತು. ಕೆಡುವ ಬಗೆ ಗೊತ್ತಿದ್ದವನಿಗೆ ಮಾತ್ರ ರಿಪೇರಿ ಸುಲಭ.

1980ರ ದಶಕದವರೆಗೆ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಬೇರೆ ಊರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕೂಡಬೇಕಿತ್ತು. ಕೆಟ್ಟರೆ 198ಕ್ಕೆ ದೂರು ಹೇಳಬೇಕು, ಅದನ್ನು ಹೇಳಲು ಸರಿಯಿರುವ ಇನ್ನೊಂದು ಫೋನು ಹುಡುಕಬೇಕು. ಕೇಂದ್ರದಲ್ಲಿ ಸಂಪರ್ಕ ಸಚಿವರಾಗಿದ್ದ ಸಿ.ಎಂ. ಸ್ಟೀಫನ್ ಆ ದಶಕದ ಆರಂಭದಲ್ಲಿ ಸಂಸತ್ತಿನಲ್ಲೇ, ಫೋನು ಹಕ್ಕಲ್ಲ, ಐಷಾರಾಮ. ಸಮಾಧಾನವಿಲ್ಲದವರು ವಾಪಸ್ ಕೊಡಬಹುದು ಎಂಬರ್ಥದ ಮಾತಾಡಿದರು. 1885ರ ಕಾಯ್ದೆಯ ಮನಸ್ಸೇ ಬೇರೆ ಮಾತಿನಲ್ಲಿ ಹೊರಬಂದಿತ್ತು.

ಇದೇ ದಶಕದಲ್ಲಿ ನಮ್ಮ ನೆರೆಯಲ್ಲಿ ನಡೆದ ಒಂದು ಘಟನೆಗೆ ಸಿಗಬೇಕಾದ ಜಾಗ ಚರಿತ್ರೆಯಲ್ಲಿ ಸಿಕ್ಕಿಲ್ಲ. ಕಿತ್ತೂರು ಎಂದರೆ ನಮಗೆಲ್ಲ 1824, ರಾಣಿ ಚೆನ್ನಮ್ಮ. ಆದರೆ 1986ರ ಕಿತ್ತೂರೂ ಒಂದಿದೆ. ಧಾರವಾಡದಿಂದ ಬೆಳಗಾವಿ ರಸ್ತೆಯಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ದೂರದ ಆ ಊರಿನಲ್ಲೇ, ದೇಶದೊಳಗೇ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು, ಅಂದರೆ ‘ರ್‍ಯಾಕ್ಸ್’, ಮೊದಲು ಕೆಲಸ ಮಾಡಿದ್ದು. ಅದನ್ನು ರೂಪಿಸಿದ ಸಿ-ಡಾಟ್ ಸಂಸ್ಥೆ 1984ರ ಆಗಸ್ಟಿನಲ್ಲಿ ಹುಟ್ಟಿತು. ಅದರ ಹಿಂದೆ ಇದ್ದವರು ಸ್ಯಾಮ್ ಪಿತ್ರೋಡಾ, ಜಿ.ಬಿ. ಮೀಮಾಂಸಿ ಮೊದಲಾದವರು. ಅವರಿಗೆ ಸಿಕ್ಕಿದ್ದು 36 ತಿಂಗಳು, 36 ಕೋಟಿ ರೂಪಾಯಿ.

ಆಗ ನಗರಗಳಿಗೆ ಬರುತ್ತಿದ್ದ ವಿದೇಶಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ನಮ್ಮ ಹಳ್ಳಿಗಳಲ್ಲಿ ಕರೆಂಟೇ ಗ್ಯಾರಂಟಿ ಇಲ್ಲ, ಇನ್ನು ಏಸಿ ಎಲ್ಲಿಂದ? ರ್‍ಯಾಕ್ಸ್ ಧೂಳು ಮತ್ತು ಸೆಕೆಯಲ್ಲಿ ಏಸಿ ಇಲ್ಲದೆ ನಡೆಯುವಂತೆ ಕಟ್ಟಿದ 128 ಪೋರ್ಟಿನ ಸಣ್ಣ ಪೆಟ್ಟಿಗೆ. ಒಳಗೆ ಸಾಲಾಗಿ ಕಾರ್ಡುಗಳು. ಕೆಟ್ಟ ಕಾರ್ಡನ್ನು ಕಿತ್ತು ಒಳ್ಳೆಯದನ್ನು ಕೂಡಿಸಿದರೆ ರಿಪೇರಿ ಮುಗಿಯಿತು. ಕೆಟ್ಟಾಗ ಹಳ್ಳಿಯಲ್ಲಿ ಯಾರು ಸರಿಮಾಡುತ್ತಾರೆ ಎಂಬ ಪ್ರಶ್ನೆಯನ್ನು ಯಂತ್ರ ಕಟ್ಟುವ ಮೊದಲೇ ಕೇಳಿಕೊಂಡಿದ್ದರು. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಊರೂರಿಗೆ ಬಂದದ್ದು ಇಂಥ ಎಕ್ಸ್‌ಚೇಂಜುಗಳ ಬೆನ್ನಿಗೇ.

2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಆಯಿತು. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಬ್ರಾಡ್‌ಬ್ಯಾಂಡ್ ಎಂದಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು. ಅದು ಬಂದದ್ದು ಫೋನಿನ ಹಳೆಯ ತಾಮ್ರದ ಜೋಡಿ ತಂತಿಯ ಮೇಲೆಯೇ. ಮಾತು ಕೆಳಗಿನ ಕಂಪನದಲ್ಲಿ, ಇಂಟರ್‌ನೆಟ್ ಮೇಲಿನ ಕಂಪನದಲ್ಲಿ. ಎರಡನ್ನೂ ಬೇರ್ಪಡಿಸಲು ಮನೆಯಲ್ಲಿ ಸ್ಪ್ಲಿಟರ್ ಎಂಬ ಚಿಕ್ಕ ಡಬ್ಬಿ. ಮೇಲಿನ ಕಂಪನ ತಾಮ್ರದಲ್ಲಿ ದೂರ ಹೋದಷ್ಟೂ ಸೊರಗುತ್ತದೆ. ಎಕ್ಸ್‌ಚೇಂಜಿನ ಮಗ್ಗುಲಿಗಿದ್ದ ಮನೆಗೆ ಸೊಗಸಾದ ವೇಗ ಸಿಕ್ಕರೆ, ನಾಲ್ಕೈದು ಕಿಲೋಮೀಟರ್ ಆಚೆಯ ಹಳ್ಳಿಗೆ ಮಾಡೆಮ್ಮಿನ ದೀಪ ಮಿನುಗಿದ್ದೇ ಭಾಗ್ಯ. ಮಾತಿಗೆ ಸಾಕಾಗಿದ್ದ ಲೈನು ಇಂಟರ್‌ನೆಟ್ಟಿಗೆ ಸಾಲಲಿಲ್ಲ. ಮಾತಾಡುವಾಗ ಕಿವಿ ಸಹಿಸಿಕೊಂಡ ಸಣ್ಣ ಗರಗರವನ್ನು ಮಾಡೆಮ್ ಸಹಿಸುವುದಿಲ್ಲ.

ಆ ದಿನಗಳಲ್ಲಿ ನಮ್ಮೂರಿನ ಲೈನ್‌ಮನ್ ಕಾಕಾನಿಂದ ನಾನು ಕಲಿತ ಪಾಠ ಯಾವ ಕೈಪಿಡಿಯಲ್ಲೂ ಇರಲಿಲ್ಲ. ನೆಟ್ ಹೋಗೈತಿ ಎಂದರೆ ಆತ ಮಾಡೆಮ್ ಕಡೆ ನೋಡುತ್ತಲೇ ಇರಲಿಲ್ಲ.

“ತಮ್ಮಾ, ಮೊದಲ ಫೋನಿಗೆ ಕಿವಿ ಹಚ್ಚಿ ನೋಡು. ಗುಂಯ್ ಅಂತಂದ್ರ ಲೈನ್ ಚಲೋ ಐತಿ, ನಿನ್ನ ಡಬ್ಬಿ ನೋಡ್ಕೊ. ಗರಗರ ಅಂದ್ರ ಎಲ್ಲೋ ಜಾಯಿಂಟಿಗೆ ನೀರ ಹೊಕ್ಕೈತಿ. ಏನೂ ಸಪ್ಪಳಾನ ಇಲ್ಲಂದ್ರ ತಂತಿ ಕಡದೈತಿ.”

“ಕಾಕಾ, ಎಲ್ಲಿ ಕಡದೈತಿ ಅಂತ ಹೆಂಗ್ ಗೊತ್ತಾಗ್ತದ್ರಿ?”

“ಅರ್ಧಾ ಮಾಡ್ಕೊಂತ ಹೋಗೂದು. ನಡು ಕಂಬಕ್ಕ ಹೋಗಿ ಕೇಳೂದು. ಅಲ್ಲಿ ಸಪ್ಪಳ ಇದ್ರ ಮುಂದ ಕೆಟ್ಟೈತಿ, ಇಲ್ಲಂದ್ರ ಹಿಂದ ಕೆಟ್ಟೈತಿ.”

ಕಂಪ್ಯೂಟರ್ ವಿಜ್ಞಾನದ ಹುಡುಗರು ‘ಬೈನರಿ ಸರ್ಚ್’ ಎಂದು ಓದುವುದು ಇದನ್ನೇ. ಕಾಕಾನ ಹತ್ತಿರ ಒಂದು ಟೆಸ್ಟ್ ಫೋನು, ಇಕ್ಕಳ, ಸೈಕಲ್ಲು ಮತ್ತು ಎಣ್ಣೆ ಜಿಡ್ಡಿನ ಒಂದು ನೋಟ್‌ಬುಕ್ ಇದ್ದವು. ಯಾವ ಡಬ್ಬಿಯಲ್ಲಿ ಯಾವ ಜೋಡಿ ಯಾರ ಮನೆಗೆ ಹೋಗುತ್ತದೆ, ಯಾವ ಜಾಯಿಂಟು ಹೋದ ಮಳೆಗಾಲ ಕೈಕೊಟ್ಟಿತ್ತು ಎಂಬುದೆಲ್ಲ ಅದರಲ್ಲಿತ್ತು, ಉಳಿದದ್ದು ತಲೆಯಲ್ಲಿತ್ತು. ಎಲ್ಲಿ ಕಡದೈತಿ ಎಂಬ ಪ್ರಶ್ನೆಗೂ ಯಾರಿಗೆ ಹೇಳಬೇಕು ಎಂಬ ಪ್ರಶ್ನೆಗೂ ಆತನೇ ಉತ್ತರ. ಎಲ್ಲ ಲೈನ್‌ಮನ್ನರೂ ಹೀಗೇ ಇದ್ದರು ಎಂದೇನಲ್ಲ. ದೂರು ಹೇಳಿ ವಾರಗಟ್ಟಲೆ ಕಾದವರ ಕತೆಗಳೂ ನಮ್ಮ ಕಡೆ ಬೇಕಾದಷ್ಟಿವೆ. ಆದರೆ ಬೈಯಲಿಕ್ಕಾದರೂ ಒಂದು ಮುಖವಿತ್ತು.

ಆ ಮುಖ ಮರೆಯಾದ ದಿನಾಂಕವನ್ನು ಹೇಳಬಹುದು. ಸ್ವಯಂ ನಿವೃತ್ತಿ ಯೋಜನೆಯಲ್ಲಿ ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ನೌಕರರು, ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ, 2020ರ ಜನವರಿ 31ರಂದು ಒಂದೇ ದಿನ ಮನೆಗೆ ಹೋದರು. ಸಂಸ್ಥೆ ನಷ್ಟದಲ್ಲಿತ್ತು, ಸಂಬಳ ತಡವಾಗುತ್ತಿತ್ತು, ಮೊಬೈಲ್ ಬಂದು ತಾಮ್ರದ ಲೈನುಗಳನ್ನು ಜನ ವಾಪಸ್ ಮಾಡುತ್ತಿದ್ದರು. ಕಾರಣಗಳೆಲ್ಲ ನಿಜ. ಆದರೆ ಹೋದವರ ಜೊತೆ ನೋಟ್‌ಬುಕ್ಕುಗಳೂ ಹೋದವು. ಎರಡು ತಿಂಗಳೂ ಕಳೆದಿರಲಿಲ್ಲ, ಮಾರ್ಚ್ ಕೊನೆಗೆ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಶಾಲೆ, ಕಾಲೇಜು, ಆಫೀಸು ಎಲ್ಲವೂ ಲೈನಿನ ಮೇಲೆ ಬಂದವು. ಲೈನು ಎಂದಿಗಿಂತ ಹೆಚ್ಚು ಬೇಕಾದ ಗಳಿಗೆಯಲ್ಲಿ ಲೈನನ್ನು ಬಲ್ಲವರು ಕೆಲಸದಲ್ಲಿರಲಿಲ್ಲ. ಸಿಗ್ನಲ್ಲಿಗಾಗಿ ಮಾಳಿಗೆ ಏರಿ, ಗುಡ್ಡ ಹತ್ತಿ ಪಾಠ ಕೇಳಿದ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ಬರೀ ಬಡತನದ ಚಿತ್ರವಾಗಿ ನೋಡಿದರೆ ಸಾಲದು, ರಿಪೇರಿಯ ಜ್ಞಾನ ಕಳೆದುಕೊಂಡ ವ್ಯವಸ್ಥೆಯ ಚಿತ್ರವೂ ಅದರಲ್ಲಿದೆ.

ಅಷ್ಟರಲ್ಲಿ ತಾಮ್ರದ ಜಾಗಕ್ಕೆ ಗಾಜು ಬರತೊಡಗಿತ್ತು. ಗ್ರಾಮ ಪಂಚಾಯಿತಿಗಳಿಗೆಲ್ಲ ಆಪ್ಟಿಕಲ್ ಫೈಬರ್ ಮುಟ್ಟಿಸುವ ಯೋಜನೆಗೆ 2011ರ ಅಕ್ಟೋಬರಿನಲ್ಲಿ ಮಂಜೂರಾತಿ ಸಿಕ್ಕಿತ್ತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಪಂಚಾಯಿತಿಯಿಂದ ಮನೆಗಳಿಗೆ ಎಳೆಯುವ ಕೆಲಸ ಹಲವು ಕಡೆ ಸ್ಥಳೀಯ ಕೇಬಲ್ ಆಪರೇಟರುಗಳ ಪಾಲಾಯಿತು. ಗಾಜಿಗೆ ತುಕ್ಕಿಲ್ಲ, ನೀರು ಹೊಕ್ಕು ಗರಗರ ಎನ್ನುವುದಿಲ್ಲ, ದೂರಕ್ಕೆ ಸೊರಗುವುದೂ ಕಡಿಮೆ. ಆದರೆ ಹೆಚ್ಚು ಬಾಗಿದರೆ ಬೆಳಕು ಸೋರುತ್ತದೆ, ಇಲಿ ಕಡಿಯುತ್ತದೆ, ಜೆಸಿಬಿಯ ಒಂದೇ ಏಟಿಗೆ ಇಡೀ ಊರು ಕತ್ತಲಾಗುತ್ತದೆ. ರಸ್ತೆ ಅಗಲ ಮಾಡುವವರು, ನೀರಿನ ಪೈಪ್ ಹಾಕುವವರು ಎಲ್ಲರೂ ಅಗೆಯುವುದು ರಸ್ತೆಯ ಅದೇ ಪಕ್ಕವನ್ನು. ಅಗೆಯುವ ಮೊದಲು ಕೇಬಲ್ಲಿನವರಿಗೆ ತಿಳಿಸಲೆಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ 2023ರ ಮಾರ್ಚ್ 22ರಂದು ಬಂತು ಎಂದರೆ ಈ ಕಾಟ ದೇಶದ ತುಂಬ ಎಷ್ಟಿತ್ತೆಂದು ಊಹಿಸಬಹುದು.

ಗಾಜಿನ ಕಾಲದಲ್ಲಿ ಮೊದಲನೆಯ ಪ್ರಶ್ನೆಗೆ ಉತ್ತರ ಬೆರಗಾಗುವಷ್ಟು ಸುಲಭವಾಗಿದೆ. ಓಟಿಡಿಆರ್ ಎಂಬ ಯಂತ್ರ ಕೇಬಲ್ಲಿನೊಳಗೆ ಬೆಳಕಿನ ಒಂದು ಮಿಡಿತ ಕಳಿಸಿ, ಕಡಿದ ಜಾಗದಿಂದ ಅದು ಎಷ್ಟು ಹೊತ್ತಿಗೆ ತಿರುಗಿ ಬಂತೆಂದು ಅಳೆಯುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ಕಿಲೋಮೀಟರ್ ಹೋಗಿ ಬರಲು ಸೆಕೆಂಡಿನ ಲಕ್ಷದ ಒಂದು ಭಾಗ ಸಾಕು. ವೀಟ್‌ಸ್ಟನ್ ಬ್ರಿಡ್ಜಿನ ಮರಿಮೊಮ್ಮಗ ಇದು. ಮನೆಯೊಳಗಿನ ಪೆಟ್ಟಿಗೆಯಲ್ಲೂ ಸುಳಿವಿರುತ್ತದೆ. ಎಲ್‌ಓಎಸ್ ಎಂದು ಬರೆದ ಕೆಂಪು ದೀಪ ಹೊತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಪೆಟ್ಟಿಗೆಯ ಸೆಟ್ಟಿಂಗ್ ಪುಟ ತೆರೆದರೆ ಬರುತ್ತಿರುವ ಬೆಳಕಿನ ಬಲ ಮೈನಸ್ ಅಂಕಿಯಲ್ಲಿ, ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಮೈನಸ್ 27 ದಾಟಿದರೆ ಪೆಟ್ಟಿಗೆಗೆ ಕಣ್ಣು ಮಂಜಾಗುತ್ತದೆ. ಮೂರು ಅಂಕಿ ಕುಸಿದರೆ ಬೆಳಕು ಅರ್ಧವಾಯಿತೆಂದು ಲೆಕ್ಕ. ಕಾಕಾ ಕಿವಿ ಹಚ್ಚಿ ಕೇಳುತ್ತಿದ್ದುದನ್ನು ನಾವು ಈಗ ಅಂಕಿಯಲ್ಲಿ ಓದಬಹುದು.

ಎರಡನೆಯ ಪ್ರಶ್ನೆಗೆ ಬಂದರೆ ನನ್ನ ಸ್ವಂತದ್ದನ್ನೇ ಹೇಳುತ್ತೇನೆ. 2022ರ ಮಳೆಗಾಲದಲ್ಲಿ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಹೊತ್ತಿತು. ಕಂಪನಿಯ ಹೆಸರು ಬೇಡ, ಯಾವುದಾದರೂ ಇದಕ್ಕಿಂತ ಬೇರೆಯಾಗಿರುತ್ತಿತ್ತು ಎಂದು ನನಗೆ ನಂಬಿಕೆಯಿಲ್ಲ. ಕಸ್ಟಮರ್ ಕೇರಿನ ದನಿ ಕೇಳಿದ ಮೊದಲ ಪ್ರಶ್ನೆ, ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿದ್ದೀರಾ? ಮಾಡಿದ್ದೆ. ಮತ್ತೊಮ್ಮೆ ಮಾಡಿ ಎಂದರು, ಮಾಡಿದೆ. ಬೆಳಕೇ ಬರದ ಪೆಟ್ಟಿಗೆಯನ್ನು ಎಷ್ಟು ಸಲ ಆಫ್ ಮಾಡಿದರೇನು? ಆದರೆ ಆ ದನಿಯ ಮುಂದಿದ್ದ ಪರದೆಯಲ್ಲಿ ಮುಂದಿನ ಪ್ರಶ್ನೆಗೆ ಹೋಗಬೇಕಾದರೆ ಈ ಪ್ರಶ್ನೆ ದಾಟಬೇಕು. ದೂರಿನ ಸಂಖ್ಯೆ ಬಂತು. ಮೂರನೆಯ ದಿನ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಮೆಸೇಜೂ ಬಂತು. ಕೆಂಪು ದೀಪ ಹಾಗೇ ಇತ್ತು. ಮತ್ತೆ ದೂರು, ಮತ್ತೊಂದು ಸಂಖ್ಯೆ. ಆ ತುದಿಯಲ್ಲಿದ್ದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಅವಳಿಗೆ ನಮ್ಮ ಎರಿ ಹೊಲ ಗೊತ್ತಿಲ್ಲ, ಹಳ್ಳದ ದಂಡೆಯ ಕಂಬ ಗೊತ್ತಿಲ್ಲ. ಕಂಬ ಗೊತ್ತಿದ್ದ ಹುಡುಗನಿಗೆ ನನ್ನ ದೂರಿನ ಸಂಖ್ಯೆ ಮುಟ್ಟಿರಲಿಲ್ಲ. ಒಬ್ಬ ಲೈನ್‌ಮನ್ನನಲ್ಲಿ ಕೂಡಿದ್ದ ಎರಡು ಉತ್ತರಗಳು ಬೇರೆ ಬೇರೆ ಊರುಗಳಲ್ಲಿ ಕೂತಿದ್ದವು.

ಆರನೆಯ ದಿನ ಅಂಗಡಿಯ ಕಟ್ಟೆಯ ಮೇಲೆ ಮಾತಿಗೆ ಮಾತು ಬಂದಾಗ ತಿಳಿದದ್ದು, ನಮ್ಮ ಓಣಿಯ ಹದಿನಾಲ್ಕು ಮನೆಗಳಲ್ಲಿ ಅದೇ ದಿನ, ಅದೇ ಹೊತ್ತಿಗೆ ಕೆಂಪು ದೀಪ ಹೊತ್ತಿತ್ತು. ಹದಿನಾಲ್ಕು ಮಂದಿಯೂ ತಮ್ಮ ತಮ್ಮ ಪೆಟ್ಟಿಗೆಯೇ ಕೆಟ್ಟಿದೆ ಎಂದುಕೊಂಡು ಒಬ್ಬೊಬ್ಬರೇ ಆಫ್-ಆನ್ ಮಾಡುತ್ತ ಕೂತಿದ್ದರು. ಹದಿನಾಲ್ಕು ಮನೆಗೆ ಒಟ್ಟಿಗೇ ಬೆಳಕು ಹೋದರೆ ಕಡಿದದ್ದು ಯಾರ ಮನೆಯಲ್ಲೂ ಅಲ್ಲ, ಬೆಳಕು ಹಂಚುವ ಡಬ್ಬಿಯಲ್ಲಿ ಅಥವಾ ಅದರ ಹಿಂದಿನ ಕೇಬಲ್ಲಿನಲ್ಲಿ. ಕಾಕಾನ ಅರ್ಧ ಮಾಡುವ ಲೆಕ್ಕವೇ ಇದು. ಎಲ್ಲರ ದೂರಿನ ಸಂಖ್ಯೆ, ತಾರೀಖು, ದೀಪದ ಫೋಟೊ ಸೇರಿಸಿ ಒಂದೇ ಹಾಳೆ ಮಾಡಿ, ಕಂಪನಿಯ ಮೇಲ್ಮನವಿ ವಿಭಾಗಕ್ಕೂ ಊರಿನ ಆಪರೇಟರಿಗೂ ಕಳಿಸಿದೆವು. ಹನ್ನೊಂದನೆಯ ದಿನ ಬೆಳಕು ಬಂತು. ಮಳೆಗೆ ಮಣ್ಣು ಜರಿದು ಕೇಬಲ್ ಎಳೆದಿತ್ತು.

ಇಲ್ಲಿ ನನಗೆ ಬೇರೊಂದು ಚರಿತ್ರೆ ನೆನಪಾಗುತ್ತದೆ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಮಲಪ್ರಭೆಯ ನೀರಾವರಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು, ಜೀವಗಳು ಹೋದವು. ಅದಕ್ಕೂ ಇಂಟರ್‌ನೆಟ್ಟಿಗೂ ಹೋಲಿಕೆ ಮಾಡುವ ಧೈರ್ಯ ನನಗಿಲ್ಲ. ಆದರೆ ಒಂದು ಮಾತು ಗಮನಿಸಬೇಕು. ಕಾಲುವೆಗೆ ನೀರು ಬರದಿದ್ದರೆ ಎಲ್ಲರ ಹೊಲವೂ ಎಲ್ಲರ ಕಣ್ಣಿಗೆ ಕಾಣುತ್ತದೆ, ದೂರು ತಾನಾಗಿಯೇ ಒಟ್ಟಾಗುತ್ತದೆ. ಕೇಬಲ್ಲಿನಲ್ಲಿ ಬೆಳಕು ಬರದಿದ್ದರೆ ಅದು ಕಾಣುವುದು ಗೋಡೆಯ ಒಳಗೆ, ಒಬ್ಬೊಬ್ಬರಿಗೇ. ಒಂದೇ ದೋಷ ಹದಿನಾಲ್ಕು ಬಿಡಿ ಸಂಖ್ಯೆಗಳಾಗಿ ಒಡೆದುಹೋಗುತ್ತದೆ.

ಕಾನೂನು ಈ ನಡುವೆ ಏನು ಮಾಡುತ್ತಿತ್ತು? 1997ರಲ್ಲಿ ಬಂದ ಟ್ರಾಯ್, 2006ರಲ್ಲಿ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮ ಮಾಡಿತು. ಮೂರು ಕೆಲಸದ ದಿನ ಮೀರಿ ಲೈನು ಸರಿಯಾಗದಿದ್ದರೆ ಏಳು ದಿನದ ಬಾಡಿಗೆ, ಏಳು ದಿನ ಮೀರಿದರೆ ಹದಿನೈದು ದಿನದ ಬಾಡಿಗೆ, ಹದಿನೈದು ದಿನ ಮೀರಿದರೆ ಒಂದು ತಿಂಗಳ ಬಾಡಿಗೆ ಬಿಡಬೇಕು ಎಂದಿತು. 2012ರ ನಿಯಮದಂತೆ ಪ್ರತಿ ದೂರಿಗೂ ಸಂಖ್ಯೆ ಕೊಡಲೇಬೇಕು. ಉತ್ತರ ಸರಿಯೆನಿಸದಿದ್ದರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದು 39 ದಿನದಲ್ಲಿ ತೀರ್ಮಾನಿಸಬೇಕು. 2024ರಲ್ಲಿ ಗುಣಮಟ್ಟದ ನಿಯಮಗಳನ್ನು ಹೊಸದಾಗಿ ಬರೆಯಲಾಯಿತು. ನಮ್ಮ ಓಣಿಯಲ್ಲಿ ಈ ಬಾಡಿಗೆಯ ವಿನಾಯಿತಿಯ ವಿಷಯ ಒಬ್ಬರಿಗೂ ಗೊತ್ತಿರಲಿಲ್ಲ. ಕೇಳಿದವರ ಬಿಲ್ಲಿನಲ್ಲಿ ಹದಿನೈದು ದಿನದ ಹಣ ಇಳಿಯಿತು. ಕೇಳದವರದು ಇಳಿಯಲಿಲ್ಲ.

ಇನ್ನು 7ಬಿ ಕಲಮು. ಕೇರಳದ ಕೋಝಿಕ್ಕೋಡಿನ ಗ್ರಾಹಕರೊಬ್ಬರ ಫೋನನ್ನು ಬಿಲ್ಲಿನ ತಕರಾರಿನಲ್ಲಿ ಕತ್ತರಿಸಿದ್ದರು. ಅಲ್ಲಿನ ಗ್ರಾಹಕರ ವೇದಿಕೆ ಲೈನು ಮತ್ತೆ ಕೊಡಿ, 5,000 ರೂಪಾಯಿ ಪರಿಹಾರ ಕೊಡಿ ಎಂದಿತು. 2009ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಟೆಲಿಗ್ರಾಫ್ ಕಾಯ್ದೆಯ 7ಬಿ ಇರುವಾಗ ಗ್ರಾಹಕರ ವೇದಿಕೆಗೆ ಈ ಅಧಿಕಾರವಿಲ್ಲ ಎಂದು ಆ ಆದೇಶವನ್ನು ತೆಗೆದುಹಾಕಿತು. ಮೋರ್ಸ್ ಕೀಲಿಯ ಕಾಲದ ಕಾಯ್ದೆ ಬ್ರಾಡ್‌ಬ್ಯಾಂಡ್ ಗ್ರಾಹಕನ ದಾರಿಗೆ ಅಡ್ಡ ಮಲಗಿತು. 2013ರ ಜುಲೈಯಲ್ಲಿ ಟೆಲಿಗ್ರಾಮ್ ಸೇವೆಯೇ ನಿಂತರೂ ಕಲಮು ಏಳಲಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಟೆಲಿಕಾಂ ಸೇವೆಯ ಹೆಸರು ಹಿಡಿದು ಹೇಳಿತು. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು, ಅಹಮದಾಬಾದಿನ ಗ್ರಾಹಕರೊಬ್ಬರ ಮೊಬೈಲ್ ಬಿಲ್ಲಿನ ಪ್ರಕರಣದಲ್ಲಿ, ಗ್ರಾಹಕರ ವೇದಿಕೆಗೆ ಹೋಗುವ ದಾರಿ ಮುಚ್ಚಿಲ್ಲ ಎಂದು ತೀರ್ಪು ಕೊಟ್ಟಿತು. 2023ರ ಡಿಸೆಂಬರಿನಲ್ಲಿ 1885ರ ಕಾಯ್ದೆಯ ಜಾಗಕ್ಕೆ ಹೊಸ ದೂರಸಂಪರ್ಕ ಕಾಯ್ದೆಯೂ ಬಂತು. ಯಾರಿಗೆ ಹೇಳಬೇಕು ಎಂಬ ಪ್ರಶ್ನೆಗೆ ಕಾಗದದ ಮೇಲೆ ಒಂದು ಉತ್ತರ ಸಿಗಲು ಹೆಚ್ಚುಕಡಿಮೆ 137 ವರ್ಷ ಹಿಡಿಯಿತು.

ಇಷ್ಟೆಲ್ಲ ಯಾಕೆ ಮುಖ್ಯ? ಸಿನಿಮಾ ನೋಡುವುದು ನಿಂತರೆ ಯಾರೂ ಸಾಯುವುದಿಲ್ಲ. ಆದರೆ ಪಹಣಿ, ಬೆಳೆ ವಿಮೆಯ ಅರ್ಜಿ, ವಿದ್ಯಾರ್ಥಿವೇತನ, ಪಿಂಚಣಿ, ರೇಷನ್ ಎಲ್ಲವೂ ಈಗ ಈ ಎಳೆಯ ಮೇಲೆ ತೂಗುತ್ತಿವೆ. ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಎಂಬ ಮಾತನ್ನು ನಮ್ಮ ಕಡೆಯ ಯಾವ ಕಚೇರಿಯ ಬಾಗಿಲಲ್ಲೂ ಕೇಳಬಹುದು. ಸರ್ವರ್ ಎಂದರೆ ಅಲ್ಲಿ ಕಂಪ್ಯೂಟರ್ ಅಲ್ಲ, ಯಾರೂ ಹೊಣೆಯಲ್ಲದ ಒಂದು ಜಾಗ. ಕಡಿದದ್ದು ಹೊಲದ ಬದುವಿನ ಕೇಬಲ್ಲೋ, ಮೇಜಿನ ಕೆಳಗಿನ ವೈರೋ, ಬೆಂಗಳೂರಿನ ಯಂತ್ರವೋ ಎಂದು ಯಾರೂ ನೋಡುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದ ಮುದುಕಿ ವಾಪಸ್ ಹೋಗುತ್ತಾಳೆ. ಅವಳಿಗೆ ದೂರಿನ ಸಂಖ್ಯೆಯೂ ಸಿಗುವುದಿಲ್ಲ, ಅವಳು ಗ್ರಾಹಕಳೂ ಅಲ್ಲ. ಟ್ರಾಯ್ ನಿಯಮಗಳ ಯಾವ ವಿನಾಯಿತಿಯೂ ಅವಳ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಚರಿತ್ರೆ ಓದುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನಲ್ಲಿ ನಿವೃತ್ತ ಲೈನ್‌ಮನ್, ಟ್ರಂಕ್ ಆಪರೇಟರ್, ಎಸ್‌ಟಿಡಿ ಬೂತ್ ನಡೆಸಿದವರು ಇನ್ನೂ ಇದ್ದಾರೆ. ಅವರ ಹತ್ತಿರ ಹೋಗಿ ಕೂತು, ಲೈನು ಎಲ್ಲೆಲ್ಲಿ, ಯಾವ ತಿಂಗಳಲ್ಲಿ, ಯಾಕೆ ಕೆಡುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ. ನೋಟ್‌ಬುಕ್ ಇಟ್ಟಿದ್ದರೆ ಫೋಟೊ ತೆಗೆದುಕೊಳ್ಳಿ. ಇಂದಿನ ದೂರುಗಳೆಲ್ಲ ಕಂಪನಿಗಳ ಕಂಪ್ಯೂಟರಿನಲ್ಲಿ ಸಂಖ್ಯೆಗಳಾಗಿ ಬಿದ್ದಿವೆ, ನಾಳೆ ಅವು ಯಾವ ಪತ್ರಾಗಾರಕ್ಕೂ ಬರುವುದಿಲ್ಲ. ಪಂಚಾಯಿತಿಯಲ್ಲಿ ಹುಟ್ಟು-ಸಾವಿನ ಪುಸ್ತಕದ ಪಕ್ಕದಲ್ಲಿ ‘ಲೈನ್ ಕೆಟ್ಟ ಪುಸ್ತಕ’ವೊಂದನ್ನು ಇಟ್ಟರೂ ಸಾಕು. ಯಾವ ದಿನ ಹೋಯಿತು, ಎಲ್ಲಿ ಕಡಿದಿತ್ತು, ಯಾರಿಗೆ ಹೇಳಿದೆವು, ಯಾವಾಗ ಬಂತು ಎಂಬ ನಾಲ್ಕೇ ಕಾಲಮ್ಮು. ವರ್ಷ ಕಳೆಯುವುದರೊಳಗೆ ಯಾವ ಹಳ್ಳದ ದಂಡೆಯ ಕಂಬ ಪ್ರತಿ ಮಳೆಗಾಲ ಕೈಕೊಡುತ್ತದೆ ಎಂಬುದು ಆ ಪುಸ್ತಕದಲ್ಲೇ ಕಾಣುತ್ತದೆ. ರಿಪೇರಿ ಶುರುವಾಗುವುದು ಅಲ್ಲಿಂದ.